ಗುರುಶಾಂತಪ್ಪನವರು ಹೊರಟಿದ್ದಾರೆ

ಮೂರನೇ ಮಹಡಿ ದಾಟಿದ ಲಿಫ್ಟು ನಾಲ್ಕನೆಯದನ್ನು ಮುಟ್ಟದೆ ಗಕ್ಕನೆ ನಿಂತಿತು. ಒಳಗಿದ್ದವರು ಇಬ್ಬರೇ, ಅವಳು ಮತ್ತು ಉಬ್ಬಸದ ಒಬ್ಬ ಅಜ್ಜಿ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅಜ್ಜಿ ಏದುಸಿರು ಬಿಡುತ್ತಲೇ ಬಾಗಿಲು ಬಡಿಯತೊಡಗಿದರು.

“ಹೆದರಬೇಡಿ ಅಜ್ಜಿ, ಇದು ನಮ್ಮ ಕಂಪನಿಯದೇ ಲಿಫ್ಟು,” ಎಂದಳು ಅವಳು. “ಸಹಾಯವಾಣಿಯಲ್ಲಿ ಈಗ ಎಐ ಮಾತಾಡುತ್ತೆ. ಏನು ಕೇಳಿದರೂ ಕಂಪನಿಯ ಮಾಹಿತಿಯನ್ನೆಲ್ಲ ಜಾಲಾಡಿ ಉತ್ತರ ಕೊಡುತ್ತೆ. ಹೇಗೆ ಹುಡುಕಬೇಕು, ಹೇಗೆ ಹೇಳಬೇಕು ಅಂತ ಅದಕ್ಕೆ ಕೈಪಿಡಿ ಬರೆದವಳೇ ನಾನು, ಉದಾಹರಣೆ ಸಮೇತ.”

ಕೆಂಪು ಗುಂಡಿ ಒತ್ತಿದಳು.

“ನಮಸ್ಕಾರ,” ಎಂದಿತು ಇಂಪಾದ ದನಿ. “ಗಾಬರಿಯಾಗಬೇಡಿ. ನಮ್ಮ ಮೆಕ್ಯಾನಿಕ್ ಗುರುಶಾಂತಪ್ಪನವರು ಈಗಾಗಲೇ ಹೊರಟಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ನಿಮ್ಮಲ್ಲಿರುತ್ತಾರೆ. ಧನ್ಯವಾದ.”

ಅಜ್ಜಿ ಬಡಿಯುವುದನ್ನು ಬಿಟ್ಟು ಗೋಡೆಗೊರಗಿ ಕೂತರು. “ಸದ್ಯ! ಹೆಸರು ಹಿಡಿದು ಹೇಳಿತಲ್ಲ, ಹೋದ ಜೀವ ಬಂದ ಹಾಗಾಯ್ತು ಕಣಮ್ಮ.”

ಅವಳು ಮತ್ತೆ ಗುಂಡಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಅದೇ ದನಿ, ಅದೇ ಹೆಸರು, ಅದೇ ಇಪ್ಪತ್ತು ನಿಮಿಷ. ಆಮೇಲೆ ಎರಡೂ ಮುಷ್ಟಿಗಳಿಂದ ಬಾಗಿಲು ಗುದ್ದುತ್ತಾ, “ಯಾರಾದರೂ ಇದ್ದೀರಾ?” ಎಂದು ಕಿರುಚತೊಡಗಿದಳು.

“ಯಾಕಮ್ಮ ಹೀಗಾಡ್ತೀಯ? ಆ ಗುರುಶಾಂತಪ್ಪ ಬರ್ತಾ ಇದ್ದಾನಲ್ಲ. ನಿನಗೆ ಗೊತ್ತಿರೋನಾ?”

“ಅದು ಏನನ್ನೂ ಹುಡುಕಿಲ್ಲ ಅಜ್ಜಿ, ಉದಾಹರಣೆಗೆ ಅಂತ ಕೈಪಿಡಿಯಲ್ಲಿ ನಾನೇ ಬರೆದ ಉತ್ತರವನ್ನ ಹಾಗೇ ಒಪ್ಪಿಸ್ತಿದೆ. ಆ ಹೆಸರು ನಮ್ಮ ತಾತನದು. ಅವರು ತೀರಿಕೊಂಡು ಎಂಟು ವರ್ಷವಾಯ್ತು.”