ಎರಡು ಬಾಗಿಲು

"ಗಂಡಸರು ಆ ಕಡೆ, ಹೆಂಗಸರು ಈ ಕಡೆ" ಎಂದು ಹೊಸ ರಾತ್ರಿ ತಂಗುದಾಣದ ಕಾವಲುಗಾರ ಎರಡು ಬಾಗಿಲು ತೋರಿಸಿದರೂ ಮುದುಕ ಮುದುಕಿ ಒಟ್ಟಿಗೇ ಹೆಂಗಸರ ಬಾಗಿಲಿಗೆ ಹೆಜ್ಜೆಯಿಟ್ಟರು. ಮುದುಕನ ಮಣಿಕಟ್ಟಿನಿಂದ ಮುದುಕಿಯ ಮಣಿಕಟ್ಟಿಗೆ ಮೊಳದುದ್ದದ ಹಸಿರು ಹಗ್ಗ ಕಟ್ಟಿತ್ತು.

"ಇದೇನಜ್ಜಿ, ಕಳ್ಳನ್ನ ಹಿಡ್ಕೊಂಡು ಬಂದ ಹಾಗೆ?" ವಾರ್ಡ್ ಸದಸ್ಯೆ ನಕ್ಕಳು. ಬೀದಿಯಲ್ಲಿ ಮಲಗುವವರಿಗೊಂದು ಸೂರು ಬೇಕೆಂದು ಮೂರು ವರ್ಷ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವಳು ಅವಳು. ಹೆಂಗಸರು ಹೆದರದೆ ನಿದ್ದೆ ಮಾಡಲಿ, ಬಾಗಿಲು ಬೇರೆಯೇ ಇರಲಿ ಎಂದು ಹಟ ಹಿಡಿದವಳೂ ಅವಳೇ.

"ಇವ್ರಿಗೆ ಮರೆವು, ತಾಯಿ. ಹೋದ ವರ್ಷ ನಾನು ಕಣ್ಣು ಮುಚ್ಚಿದಾಗ ಎದ್ದು ಹೋಗ್ಬಿಟ್ಟಿದ್ರು. ಒಂಬತ್ತು ದಿನ ಹುಡುಕ್ದೆ. ಸಿಕ್ಕ ಮೇಲೆ ಕಟ್ಟಿದ್ದು, ಇನ್ನೂ ಬಿಚ್ಚಿಲ್ಲ."

ಸದಸ್ಯೆ ಕಾವಲುಗಾರನ ಮುಖ ನೋಡಿದಳು. "ನಿಯಮ ನೀವೇ ಬರ್ಸಿದ್ದಲ್ವಾ, ಮೇಡಂ?" ಎಂದ ಅವನು. ಅವಳ ನಗು ಆರಿತು. ಮುದುಕ ಪಕ್ಕೆ ಹಿಡಿದುಕೊಂಡು ಕೆಮ್ಮಿದ. ನಾಲ್ಕು ದಿನದಿಂದ ಜ್ವರ ಬಿಟ್ಟಿರಲಿಲ್ಲ.

"ಹೊರಗಿದ್ರೆ ಇವ್ರು ಉಳಿಯಲ್ಲ" ಎಂದು ತನಗೆ ತಾನೇ ಹೇಳಿಕೊಂಡ ಮುದುಕಿ ಹಗ್ಗದ ಗಂಟನ್ನು ಉಗುರಿನಿಂದ ಕೆದಕಿದಳು, ಇದ್ದ ಎರಡು ಹಲ್ಲಿನಿಂದ ಎಳೆದಳು. ಅದು ಸಡಿಲವಾಗಲಿಲ್ಲ. ಆಗ ಅವಳ ಕಣ್ಣು ಸದಸ್ಯೆಯ ಬಲಗೈ ಮೇಲೆ ಬಿತ್ತು. ಈಗಷ್ಟೇ ಚಪ್ಪಾಳೆಗಳ ನಡುವೆ ಉದ್ಘಾಟನೆಯ ಟೇಪು ಕತ್ತರಿಸಿದ ಕತ್ತರಿ ಇನ್ನೂ ಅಲ್ಲೇ ಇತ್ತು.

"ನಿಮ್ಮ ಕೈಯಲ್ಲೇ ಇದ್ಯಲ್ಲ, ತಾಯಿ" ಎಂದು ಮುದುಕಿ ಕೈ ಚಾಚಿದಳು. ಅವಳ ಕೈಯ ಹಿಂದೆಯೇ ಮುದುಕನ ಕೈಯೂ ಬಂತು.