ಮಹಾರಾಜರು ಎಲ್ಲಿ?

ನಾಟಕಕ್ಕೆಂದು ಮಗಳ ಮುಖಕ್ಕೆ ಬಣ್ಣ ಹಚ್ಚುವಾಗ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯ ವಾಸನೆ ಬಂದರೆ ಸಾಕು, ಯಲಬುರ್ಗಾದ ಬೇಸಿಗೆ ಶಿಬಿರದ ಆ ಕೊನೆಯ ಮಧ್ಯಾಹ್ನ ನೆನಪಾಗುತ್ತದೆ.

ಶಿಬಿರದುದ್ದಕ್ಕೂ ನಾನು ಬಾಯಿ ಬಿಟ್ಟಿರಲಿಲ್ಲ. ಮೈಸೂರು ಕಡೆಯಿಂದ ಬಂದಿದ್ದ ನಾಟಕದ ಮಾಸ್ತರು ಕೊನೆಗೆ ನನ್ನನ್ನು ದ್ವಾರಪಾಲಕನನ್ನಾಗಿ ಮಾಡಿ ಒಂದೇ ಒಂದು ಮಾತು ಕಲಿಸಿದರು: "ಮಹಾರಾಜರು ಬೇಟೆಗೆ ತೆರಳಿದ್ದಾರೆ." ರೊಟ್ಟಿ ತಿನ್ನುವಾಗಲೂ ಅದನ್ನೇ ಗುನುಗುತ್ತಿದ್ದೆ.

ಶಾಲೆಯ ಅಂಗಳದ ಬೇವಿನ ನೆರಳಲ್ಲಿ ಊರವರೆಲ್ಲ ಕೂತಿದ್ದರು. ಎಲ್ಲರಿಗಿಂತ ಮುಂದೆ ನನ್ನ ಅಜ್ಜಿ, ಆಯಿ. ಮಂತ್ರಿಯಾಗಿದ್ದ ಹುಡುಗ ಬಂದು "ಮಹಾರಾಜರು ಎಲ್ಲಿ?" ಎಂದ. ಬೆವರಿಗೆ ನನ್ನ ಅಂಟು ಮೀಸೆ ಜಾರಿ ತುಟಿಗೆ ಬಂತು. ಬೇಟೆ ಎಂಬ ಮಾತೇ ಮರೆತುಹೋಯಿತು.

"ಹೊರಗ ಹೋಗ್ಯಾರ್ರಿ," ಎಂದುಬಿಟ್ಟೆ.

ನಮ್ಮ ಕಡೆ ಹೊರಗೆ ಹೋಗುವುದೆಂದರೆ ತಂಬಿಗೆ ಹಿಡಿದು ಹೊಲದತ್ತ ನಡೆಯುವುದು. ಅಂಗಳಕ್ಕೆ ಅಂಗಳವೇ ನಕ್ಕಿತು. "ತಂಬಿಗಿ ಒಯ್ದಾರೋ ಇಲ್ಲೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಹೇಗಾದರೂ ರಾಜರ ಮರ್ಯಾದೆ ಉಳಿಸಬೇಕೆಂದು ನಾನು ಈಟಿ ಕುಟ್ಟಿ ಗಟ್ಟಿಯಾಗಿ ಹೇಳಿದೆ: "ಒಬ್ರ ಹೋಗಿಲ್ರಿ, ಸೈನ್ಯಾನೂ ಕರ್ಕೊಂಡು ಹೋಗ್ಯಾರ!"

ಮಾಸ್ತರು ಪರದೆಯಿಂದ ಇಣುಕಿ, "ಯಾಕೆ ನಗ್ತಿದಾರೆ? ಏನಾಯ್ತು?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಆಮೇಲೆ ಆಯಿ ಸೆರಗಿನಿಂದ ನನ್ನ ಮುಖದ ಬಣ್ಣ ಒರೆಸುತ್ತ ಮಾಸ್ತರಿಗೆ ಹೇಳಿದಳು: "ಮಂದಿ ಮುಂದ ತನ್ನ ಹೆಸರು ಹೇಳಾಕೂ ನಾಚತಿತ್ರಿ ಈ ಕೂಸು. ಈಗ ನೋಡ್ರಿ, ರಾಜನ್ನೂ ದಂಡನ್ನೂ ಕೂಡಿಸಿ ಹೊಲಕ್ಕ ಕಳಿಸೇತಿ!"