ಎರಡೂ ಕಡೆ ಉಳಿದ ಕರೆ

ವಾಚ್‌ಮನ್ನನ ಹೆಂಡತಿ ಸದ್ದಿಲ್ಲದೆ ಮೇಜು ಒರೆಸುತ್ತಿದ್ದಳು. ಕಂಪನಿಯ ಹಳೆಯ ಇಮೇಲ್, ಫೋನ್ ಕರೆಗಳನ್ನೆಲ್ಲ ಕಾಪಿಡುವ ಇಲ್ಲಿನ ವರ್ಚುವಲ್ ಮಷೀನೆಂಬ ಕಂಪ್ಯೂಟರುಗಳನ್ನು ಬೇಕೆಂದೇ ನಿಲ್ಲಿಸಿ, ದೂರದ ಇನ್ನೊಂದು ಡೇಟಾ ಸೆಂಟರ್ ಆ ಕೆಲಸ ವಹಿಸಿಕೊಳ್ಳುತ್ತದೆಯೇ ಎಂದು ಎಂಜಿನಿಯರ್ ಪರೀಕ್ಷಿಸುತ್ತಿದ್ದ.

"ಯಾವ್ದಾದ್ರೂ ಹಳೇ ಕರೆ ಹಾಕೋ, ನೋಡೋಣ," ಎಂದ ಮ್ಯಾನೇಜರ್.

ತೀರಿಹೋಗಿದ್ದ ಅವಳ ಗಂಡ ಸ್ಪೀಕರಿನಲ್ಲಿ ಏದುಸಿರು ಬಿಟ್ಟ. "ಸಾರ್, ಗೇಟಿನಿಂದ ಮಾತಾಡ್ತಿದೀನಿ. ಎದೆ ಹಿಂಡ್ತಾ ಇದೆ. ಯಾರನ್ನಾದ್ರೂ ಕಳಿಸಿ ಸಾರ್..."

ಅವಳ ಕೈಯ ಬಟ್ಟೆ ಅಲ್ಲೇ ನಿಂತಿತು. 'ಒಂದು ಫೋನ್ ಮಾಡಿದ್ರೆ ಉಳೀತಿದ್ನಮ್ಮಾ, ಮಾಡ್ಲೇ ಇಲ್ಲ' ಎಂದು ಹೆಣದ ಮುಂದೆ ನಿಂತು ಹೇಳಿದ್ದವನು ಇದೇ ಮ್ಯಾನೇಜರ್.

ಅವನು ಅವಳ ಮುಖ ನೋಡಿದ. ತಾನೇ ಕೈಚಾಚಿ ದನಿ ನಿಲ್ಲಿಸಿದ. "ಚೆನ್ನಾಗೇ ಕೇಳ್ತಿದೆ. ಟೆಸ್ಟ್ ಪಾಸು. ಇದನ್ನ ಇಲ್ಲೂ ಅಲ್ಲೂ, ಎರಡೂ ಕಡೆಯಿಂದ ಅಳಿಸ್ಬಿಡೋ."

"ಸಾರ್, ಅಳಿಸೋ ಮುಂಚೆ ಇನ್ನೊಂದ್ಸಲ ಕೇಳಿಸಿ," ಎಂದಳು ಅವಳು, ಪರದೆಯತ್ತ ತಿರುಗಿದ್ದ ಎರಡು ಬೆನ್ನುಗಳಿಗೆ.